ನಿಂತ ಗಾಡಿಯೂ ಉಣ್ಣುತ್ತದೆ

ಬೇಸಿಗೆಯ ರಜೆಗೆಂದು ಧಾರವಾಡಕ್ಕೆ ಹೋಗಿ, ಒಂದೂವರೆ ತಿಂಗಳು ಮಾವಿನಹಣ್ಣು ತಿಂದು, ಮಳೆ ಹಿಡಿಯುವ ಹೊತ್ತಿಗೆ ನಾವು ಪುಣೆಗೆ ಮರಳಿದೆವು. ಹೋಗಿಬಂದದ್ದು ರೈಲಿನಲ್ಲಿ. ಕಾರು ಮಾತ್ರ ಮನೆಯ ಕೆಳಗೆ ಹೊದಿಕೆ ಹೊದ್ದು ನಮಗಿಂತ ಹೆಚ್ಚು ವಿಶ್ರಾಂತಿ ಪಡೆಯುತ್ತಿದೆಯೆಂದೇ ನಮ್ಮ ನಂಬಿಕೆ. ಆ ನಂಬಿಕೆ ಎಷ್ಟು ಹುಸಿಯೆಂಬುದು ಮೂರನೆಯ ರಾತ್ರಿಯೇ ತಿಳಿಯಿತು.

ರಾತ್ರಿ ಒಂದು ಗಂಟೆಗೆ ಮೇಲಿನ ಮನೆಯ ಅಜ್ಜಿ ಬಚ್ಚಲಲ್ಲಿ ಜಾರಿಬಿದ್ದು ಮುಂಗೈ ಮುರಿದುಕೊಂಡರು. “ನಮ್ಮ ಕಾರಿದೆ, ಚಿಂತೆ ಬೇಡ” ಎಂದು ಧೈರ್ಯ ಹೇಳಿ, ಅವರನ್ನು ಮೆಲ್ಲಗೆ ಹಿಂದಿನ ಸೀಟಿನಲ್ಲಿ ಕೂಡಿಸಿದೆವು. ಕೀಲಿ ತಿರುವಿದರೆ ‘ಟಿಕ್’! ಇನ್ನೊಮ್ಮೆ ತಿರುವಿದರೆ ‘ಟಿಕ್ ಟಿಕ್ ಟಿಕ್’. ಹತ್ತು ನಿಮಿಷ ನಾವು ಕೀಲಿಯೊಡನೆ ಹೆಣಗಾಡುತ್ತಿರಲು, ನಮ್ಮ ಮನೆಯವರೇ ರಸ್ತೆಗೆ ಓಡಿ ಒಂದು ಆಟೋರಿಕ್ಷಾ ಕರೆತಂದರು. ಕಾರಿನಿಂದ ಇಳಿಸಿ ರಿಕ್ಷಾಕ್ಕೆ ಹತ್ತಿಸುವಾಗ ಅಜ್ಜಿ ನೋವಿಗೆ ಹಲ್ಲುಕಚ್ಚಿದ್ದು ನಮ್ಮ ಕಣ್ಣಿನಿಂದ ಇನ್ನೂ ಮಾಸಿಲ್ಲ.

ಮರುದಿನ ಬಂದ ಮೆಕ್ಯಾನಿಕ್ ನಕ್ಕು, “ಸಾಹೇಬರೇ, ನಿಂತ ಗಾಡಿಯೂ ಊಟ ಮಾಡುತ್ತದೆ” ಎಂದು ಮರಾಠಿಯಲ್ಲಿ ಹೇಳಿದ. ಲೆಕ್ಕ ಹಾಕಿ ನೋಡಿದೆವು. ನಮ್ಮ ಬ್ಯಾಟರಿಯ ಶಕ್ತಿ 35 ಆಂಪಿಯರ್-ಗಂಟೆ. ಗಡಿಯಾರ, ಕಳ್ಳರ ಗಂಟೆ, ಬಾಗಿಲಿನ ಬೀಗ ಇವೆಲ್ಲ ಹಗಲಿರುಳೂ ಕೂಡಿ ಸುಮಾರು 30 ಮಿಲಿಆಂಪಿಯರ್ ಎಳೆದರೂ ದಿನಕ್ಕೆ 0.72 ಆಂಪಿಯರ್-ಗಂಟೆ ಹೋಯಿತು. 45 ದಿನಕ್ಕೆ 32 ದಾಟಿತು. ನಾವು ಮಾವಿನಹಣ್ಣು ತಿನ್ನುತ್ತಿದ್ದಾಗ ಕಾರು ಬ್ಯಾಟರಿಯನ್ನು ತಿನ್ನುತ್ತಿತ್ತು!

ಊರಿಗೆ ಹೋಗಿಬರುವ ನಮ್ಮ ವಾಚಕರಿಗೂ ಈ ಪ್ರಸಂಗ ಬರಬಹುದು. ಬಂದರೆ ಕೀಲಿಯೊಡನೆ ಜಗಳವಾಡದೆ ಮೊದಲು ಕಿವಿಗೊಟ್ಟು ಕೇಳಿರಿ. ತನ್ನ ಬೇನೆ ಏನೆಂಬುದನ್ನು ಗಾಡಿಯೇ ಹೇಳುತ್ತದೆ.

ಸದ್ದೇ ಇಲ್ಲ, ಮುಂದಿನ ಫಲಕದ ದೀಪಗಳೂ ಹತ್ತಲಿಲ್ಲವೆಂದರೆ ಬ್ಯಾಟರಿ ಪೂರ್ತಿ ಬರಿದಾಗಿದೆ, ಇಲ್ಲವೇ ಅದರ ಮೇಲಿನ ತಂತಿ ಸಡಿಲಾಗಿದೆ. ಟರ್ಮಿನಲ್ಲಿನ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ತಂತಿ ಬಿಚ್ಚಿ, ಅಡುಗೆ ಸೋಡಾ ಕಲಸಿದ ನೀರಿನಿಂದ ಉಜ್ಜಿ, ಒರೆಸಿ ಬಿಗಿಯಿರಿ. ಬಿಚ್ಚುವಾಗ ಮೈನಸ್ ಮೊದಲು; ಕಟ್ಟುವಾಗ ಮೈನಸ್ ಕೊನೆಗೆ. ‘ಟಿಕ್ ಟಿಕ್’ ಎಂದು ದೀಪ ಮಂಕಾದರೆ ಬ್ಯಾಟರಿಯಲ್ಲಿ ಜೀವ ಅಲ್ಪಸ್ವಲ್ಪ ಉಳಿದಿದೆ. ಅಳೆದು ನೋಡಿದರೆ ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. 12ಕ್ಕಿಂತ ಇಳಿದರೆ ಖಾಲಿಯೆಂದೇ ತಿಳಿಯಿರಿ.

ಸೆಲ್ಫ್ ಚೆನ್ನಾಗಿ ತಿರುಗಿಯೂ ಇಂಜಿನ್ ಹತ್ತದಿದ್ದರೆ ಬ್ಯಾಟರಿಯನ್ನು ಬೈಯಬೇಡಿ. ಹತ್ತು ಸೆಕೆಂಡಿಗಿಂತ ಹೆಚ್ಚು ಹೊತ್ತು ಕೀಲಿ ಹಿಡಿಯಲೂ ಬೇಡಿ, ಸೆಲ್ಫ್ ಸುಟ್ಟೀತು. ಬಾನೆಟ್ ತೆಗೆದು, ಇಲಿಗಳು ತಂತಿ ಕಡಿದಿವೆಯೇ, ಗಾಳಿಯ ಫಿಲ್ಟರಿನಲ್ಲಿ ಸಂಸಾರ ಹೂಡಿವೆಯೇ ನೋಡಿರಿ. ಕೀಲಿಯ ಚಿತ್ರವಿರುವ ಕೆಂಪು ದೀಪ ಮಿನುಗುತ್ತಿದ್ದರೆ ಎರಡನೆಯ ಕೀಲಿಯಿಂದ ಪ್ರಯತ್ನಿಸಿರಿ. ಪೆಟ್ರೋಲಿಗೆ ಈಗ ಎಥನಾಲ್ ಬೆರೆಸುತ್ತಾರೆ. ಅದು ಗಾಳಿಯ ತೇವವನ್ನು ಹೀರುವಂಥದು. ತಿಂಗಳುಗಟ್ಟಲೆ ನಿಂತ ಪೆಟ್ರೋಲು ಕೆಟ್ಟಿರಲೂಬಹುದು. ಇಲ್ಲಿಂದ ಮುಂದಿನದು ಮೆಕ್ಯಾನಿಕ್‌ನ ಕೆಲಸ.

ಬ್ಯಾಟರಿಯೇ ಇಳಿದಿದ್ದರೆ ನೆರೆಯವರ ಕಾರಿನಿಂದ ಸಾಲ ಪಡೆಯಬಹುದು. ಎರಡೂ ಕಾರುಗಳು ಒಂದಕ್ಕೊಂದು ತಾಗದಂತೆ ನಿಲ್ಲಿಸಿ ಬಂದ್ ಮಾಡಿರಿ. ಕೆಂಪು ತಂತಿಯ ಒಂದು ತುದಿ ಇಳಿದ ಬ್ಯಾಟರಿಯ ಪ್ಲಸ್ಸಿಗೆ, ಇನ್ನೊಂದು ಒಳ್ಳೆಯದರ ಪ್ಲಸ್ಸಿಗೆ; ಕಪ್ಪು ತಂತಿ ಒಳ್ಳೆಯದರ ಮೈನಸ್ಸಿಗೆ. ಕಪ್ಪಿನ ಕೊನೆಯ ತುದಿಯನ್ನು ಮಾತ್ರ ಇಳಿದ ಬ್ಯಾಟರಿಗೆ ಹಚ್ಚದೆ, ದೂರದಲ್ಲಿ ಇಂಜಿನ್ನಿನ ಬಣ್ಣವಿಲ್ಲದ ಲೋಹಕ್ಕೆ ಸಿಕ್ಕಿಸಬೇಕು. ಕೊನೆಯ ಜೋಡಣೆಯಲ್ಲಿ ಕಿಡಿ ಹಾರುವುದುಂಟು. ಬ್ಯಾಟರಿಯಿಂದ ಹೊರಡುವ ಜಲಜನಕಕ್ಕೆ ಅದು ತಾಗಿದರೆ ಸಿಡಿಯುವ ಭಯವಿದೆ. ಬೀಡಿ ಸಿಗರೇಟು ಅತ್ತ ಸುಳಿಯಕೂಡದು. ಒಳ್ಳೆಯ ಕಾರನ್ನು ಐದು ನಿಮಿಷ ಓಡಿಸಿಟ್ಟು, ಬಳಿಕ ನಿಮ್ಮದನ್ನು ಚಾಲೂ ಮಾಡಿರಿ. ತಂತಿಗಳನ್ನು ಹಚ್ಚಿದ ಕ್ರಮದ ತಿರುಗುಮುರುಗಾಗಿ ತೆಗೆಯಿರಿ. ಬ್ಯಾಟರಿ ಬಿರಿದಿದ್ದರೆ, ಸೋರುತ್ತಿದ್ದರೆ ಈ ಸಾಹಸವೇ ಬೇಡ. ಗಾಡಿಯ ಕೈಪಿಡಿಯಲ್ಲಿ ಬೇರೆ ಕ್ರಮ ಹೇಳಿದ್ದರೆ ಅದೇ ಪ್ರಮಾಣ.

ಇಂಜಿನ್ ಹತ್ತಿತೆಂದು ಕೂಡಲೇ ಆರಿಸದೆ ಅರ್ಧ ಗಂಟೆ ಊರು ಸುತ್ತಿ ಬನ್ನಿರಿ. ಮುಚ್ಚಿದ ಗ್ಯಾರೇಜಿನಲ್ಲಿ ಓಡಿಸಿಡುವುದು ಪ್ರಾಣಕ್ಕೇ ಎರವು. ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ವಾಸನೆಯಿಲ್ಲ. ಚಕ್ರ ಅಲುಗದಿದ್ದರೆ ಬ್ರೇಕು ತುಕ್ಕಿನಿಂದ ಕಚ್ಚಿಕೊಂಡಿರಬಹುದು. ಆದ್ದರಿಂದ ಬಹುಕಾಲ ನಿಲ್ಲಿಸುವಾಗ ಸಮತಟ್ಟಾದ ಜಾಗದಲ್ಲಿ ಕೈಬ್ರೇಕ್ ಬಿಟ್ಟು, ಗೇರಿನಲ್ಲಿಟ್ಟು, ಚಕ್ರಗಳಿಗೆ ಕಲ್ಲು ಕೊಡುವುದು ಲೇಸು. ತಿಂಗಳಿಗೂ ಮೀರಿ ಹೋಗುವುದಿದ್ದರೆ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿಡುವುದುಂಟು. ಎಲ್ಲಕ್ಕಿಂತ ಮೇಲಾದುದು ವಾರಕ್ಕೊಮ್ಮೆ ಅರ್ಧ ಗಂಟೆಯ ಓಡಾಟ.

ದಸರೆಗೆ ನಾವು ಮತ್ತೆ ಊರಿಗೆ ಹೊರಟಾಗ ಕೀಲಿಯನ್ನು ಅಜ್ಜಿಯ ಮೊಮ್ಮಗನ ಕೈಗೆ ಕೊಟ್ಟೆವು. ಲೈಸೆನ್ಸ್ ಉಳ್ಳ, ನಿಧಾನ ಸ್ವಭಾವದ ಹುಡುಗ. “ಪ್ರತಿ ಭಾನುವಾರ ಅಜ್ಜಿಯನ್ನು ಗುಡಿಗೆ ಕರೆದುಕೊಂಡು ಹೋಗಿ ಬರಬೇಕು” ಎಂಬುದೊಂದೇ ಕರಾರು. ಕೈ ಕೂಡಿಬಂದಿದ್ದ ಅಜ್ಜಿ ನಕ್ಕು, “ಈ ಸಲ ರಿಕ್ಷಾ ಹತ್ತಸೂದಿಲ್ಲ ಹೌದಲ್ಲೋ?” ಎಂದರು. ಮರಳಿ ಬಂದ ದಿನ ನಾವು ಹೊದಿಕೆ ಸರಿಸಿ ಕೀಲಿ ತಿರುವಿದೆವು. ಗಾಡಿ ಒಂದೇ ಮಾತಿಗೆ ಓಗೊಟ್ಟಿತು.