ಹೊಳೆಯುವ ಕೋವಿ, ಅಳಿಸಿಹೋದ ನಂಬರು

ಈ ಸಲ ಸುದ್ದಿಗೆಂದು ಪೊಲೀಸರ ಆಯುಧ ಪೂಜೆಯೊಂದಕ್ಕೆ ಹೋಗಿದ್ದೆ. ಯಾವ ಠಾಣೆ ಎಂದು ಕೇಳಬೇಡಿ, ನಾಳೆಯೂ ಸುದ್ದಿಗೆ ಅಲ್ಲಿಗೇ ಹೋಗಬೇಕು. ಕುಂಬಳಕಾಯಿ, ಚೆಂಡುಹೂವು, ಗೋಡೆಗೆ ಸಾಲಾಗಿ ಒರಗಿಸಿಟ್ಟ ಹಳೆಯ 303 ಕೋವಿಗಳು. ಮರಕ್ಕೆ ಹೊಸ ವಾರ್ನಿಶ್, ಕಬ್ಬಿಣಕ್ಕೆ ಎಮರಿ ಪೇಪರ್, ಹಿತ್ತಾಳೆಗೆ ಹುಣಸೆಹಣ್ಣು. ‘ಹೊಸದರ ಹಾಗೆ ಮಾಡಿದ್ದೇವೆ ನೋಡಿ’ ಎಂದರು. ಹಾಳು ಮಾಡಿದ್ದೀರಿ ಎನ್ನುವ ಧೈರ್ಯ ಅಲ್ಲಿ ಬರಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ.

303 ಅಂದರೆ ಬ್ರಿಟಿಷ್ ಸೈನ್ಯದ ಲೀ-ಎನ್‌ಫೀಲ್ಡ್. ಚುನಾವಣೆ ದಿನ ಬೂತಿನ ಬಾಗಿಲಲ್ಲಿ ನೀವೂ ನೋಡಿದ್ದೀರಿ. ಉತ್ತರ ಪ್ರದೇಶದ ಪೊಲೀಸರು ಅದನ್ನು ಬೀಳ್ಕೊಟ್ಟದ್ದು 2020ರ ಗಣರಾಜ್ಯೋತ್ಸವದ ದಿನ. ನಮ್ಮ ದೇಶದಲ್ಲಿ ಇದನ್ನು ಮಾಡುತ್ತಿದ್ದದ್ದು ಕೋಲ್ಕತ್ತದ ಹತ್ತಿರದ ಈಶಾಪುರ ಕಾರ್ಖಾನೆ. ಮರದ ಹಿಡಿ ಬಂದು ಕೂರುವ ಕಬ್ಬಿಣದ ಮೇಲೆ ಒಂದು ಕಿರೀಟ, ಜಿ.ಆರ್.ಐ. ಎಂಬ ಮೂರಕ್ಷರ (ಜಾರ್ಜ್, ದೊರೆ, ಚಕ್ರವರ್ತಿ ಎಂದು ಲ್ಯಾಟಿನ್‌ನಲ್ಲಿ), ಕಾರ್ಖಾನೆಯ ಹೆಸರು, ಇಸವಿ. ಕೋವಿಯ ಮೈ ಮೇಲಿನ ನಂಬರು ಬೋಲ್ಟಿನ ಮೇಲೂ ಇದ್ದರೆ ಎರಡೂ ಮೊದಲಿನಿಂದ ಜೋಡಿ ಎಂದರ್ಥ. ಎಮರಿ ಪೇಪರ್ ಮೊದಲು ತಿನ್ನುವುದೇ ಇವನ್ನು.

ನಳಿಗೆಯ ಕಪ್ಪು ಕೊಳೆಯಲ್ಲ. ಹಳೆಯ ಪದ್ಧತಿಯಲ್ಲಿ ಕಬ್ಬಿಣಕ್ಕೆ ಬೇಕೆಂದೇ ತೆಳ್ಳಗೆ ತುಕ್ಕು ಹಿಡಿಸಿ, ಉಜ್ಜಿ, ಮತ್ತೆ ಹಿಡಿಸಿ ತಂದ ಪದರ ಅದು. ಈಶಾಪುರದ ಎಷ್ಟೋ ಕೋವಿಗಳಿಗೆ ಮೇಲೆ ಕಪ್ಪು ಬಣ್ಣವನ್ನೇ ಬಳಿದಿದ್ದಾರೆ, ಅದೂ ಸರ್ಕಾರಿ ಕೆಲಸವೇ. ಮರಕ್ಕೆ ಕುಡಿಸುತ್ತಿದ್ದದ್ದು ಅಗಸೆ ಎಣ್ಣೆ, ವಾರ್ನಿಶ್ ಅಲ್ಲ. ಕೆಲವು ಕೋವಿಗಳ ಮುಂಭಾಗಕ್ಕೆ ತಾಮ್ರದ ತಂತಿ ಸುತ್ತಿರುತ್ತದೆ. ಯಾರೋ ಆಚಾರಿ ಮಾಡಿದ ರಿಪೇರಿ ಎಂದು ಅದನ್ನು ಬಿಚ್ಚಿ ಎಸೆಯುತ್ತಾರೆ. ಗ್ರೆನೇಡ್ ಹಾರಿಸುವಾಗ ಮರ ಸೀಳದಿರಲಿ ಎಂದು ಸುತ್ತಿದ ತಂತಿ ಅದು!

‘303 ನಮ್ಮ ಮನೇಲಿ ಇಲ್ವಲ್ಲ’ ಅನ್ನುತ್ತೀರಿ. ಇರುವಂತೆಯೂ ಇಲ್ಲ, ಅದು ನಿಷೇಧಿತ ಬೋರ್. ಆದರೆ ಮಂಗ, ಹಂದಿ ಓಡಿಸಲು ಬೆಳೆ ರಕ್ಷಣೆಯ ಲೈಸೆನ್ಸಿನಲ್ಲಿ ಅಜ್ಜನ ಕಾಲದ ಕೇಪಿನ ಕೋವಿಯೋ ಒಂಟಿ ನಳಿಗೆಯೋ ಅಟ್ಟದ ಕೆಳಗೆ ಇದೆಯಲ್ಲ, ಅದಕ್ಕೆ ನಾವು ಮಾಡುವುದೂ ಇದೇ. ನಮ್ಮ ಪಕ್ಕದ ಮನೆಯ ಮಾವ ನವರಾತ್ರಿಗೆ ಅರ್ಧ ದಿನ ಕೂತು ತಿಕ್ಕಿ, ‘ಹ್ಯಾಂಗೆ ಹೊಳೀತಾ ಇದ್ದು ನೋಡಾ ತಮಾ’ ಎಂದು ತೋರಿಸಿದ್ದರು. ಲೈಸೆನ್ಸ್ ನವೀಕರಣಕ್ಕೆ ಹೋದಾಗ ನಂಬರಿನ ಕೊನೆಯ ಎರಡು ಅಂಕಿ ಯಾರ ಕಣ್ಣಿಗೂ ಕಾಣಲಿಲ್ಲ. ಅಡಿಕೆ ಕೊಯ್ಲು ಬಿಟ್ಟು ನಾಲ್ಕು ಸಲ ಪೇಟೆಗೆ ಅಲೆದರು.

ಅಲೆದಾಟದಲ್ಲಿ ಮುಗಿದದ್ದು ಅವರ ಪುಣ್ಯ. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಂ ಪ್ರಕಾರ ಕೋವಿಯ ಮೇಲಿನ ಹೆಸರು, ನಂಬರು, ಗುರುತು ಅಳಿಸುವುದು ಅಪರಾಧ. ಅಳಿಸಿದ ಕೋವಿ ಯಾರ ಕೈಯಲ್ಲಿ ಸಿಕ್ಕಿತೋ ಅವರೇ ಅಳಿಸಿದ್ದೆಂದು ಕಾನೂನು ಮೊದಲೇ ಊಹಿಸಿಕೊಳ್ಳುತ್ತದೆ. ಅಲ್ಲವೆಂದು ಸಾಬೀತು ಮಾಡುವ ಹೊಣೆ ನಿಮ್ಮದು.

ಈಗ ಠಾಣೆಯವರ ಪಾಲು. ಚುನಾವಣೆ ಬಂತೆಂದರೆ ನಾವು ಕೋವಿ ಒಯ್ದು ಠಾಣೆಯಲ್ಲಿ ಇಡುತ್ತೇವೆ. ಗೋಡೆ ಬೆವರುವ ಮೂಲೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟದ್ದನ್ನು ನಾನೇ ನೋಡಿದ್ದೇನೆ. ವಾಪಸ್ ಬರುವಾಗ ಕೆಂಪು ತುಕ್ಕು. ಆ ತುಕ್ಕು ತೆಗೆಯಲೆಂದೇ ನಾವು ಎಮರಿ ಪೇಪರ್ ಹಿಡಿಯುವುದು. ನಮ್ಮ ಕೋವಿ ನಾವು ಕೇಳದೆ ಒಯ್ಯುವವರು ಎಣ್ಣೆ ಬಟ್ಟೆಯಲ್ಲಿ ಒರೆಸಿ, ಒಣ ಜಾಗದಲ್ಲಿ ನಿಲ್ಲಿಸಿಡಬೇಕು. ಇದನ್ನು ಬೇಡಿಕೊಳ್ಳಬೇಕಾಗಿಲ್ಲ.

ಹಾಗೇ ಹಳೆಯ 303 ಗುಜರಿಗೆ ಹೋಗುವ ಮೊದಲು ಯಾರೂ ತಿಕ್ಕದ ಒಂದನ್ನು ನಿಷ್ಕ್ರಿಯಗೊಳಿಸಿ ಕಾರವಾರದಲ್ಲಿ ಜನರ ಕಣ್ಣಿಗೆ ಬೀಳುವಂತೆ ಇಡಲಿ. ವಾರ್ನಿಶ್ ಮಾತ್ರ ಬೇಡ.

ನೀವು ಇವತ್ತೇ ಮಾಡಬಹುದಾದದ್ದು: ಇದೇ ಫೋನಿನಲ್ಲಿ ಕೋವಿಯ ನಂಬರು, ಮುದ್ರೆ ಎಲ್ಲದರ ಫೋಟೋ ಹೊಡೆದಿಡಿ. ಠಾಣೆಗೆ ಕೊಡುವ ದಿನ ಇನ್ನೊಂದು ಹೊಡೆದು, ರಸೀದಿಯಲ್ಲಿ ‘ತುಕ್ಕು ಇಲ್ಲ’ ಎಂದು ಬರೆಸಿಕೊಳ್ಳಿ. ಬರೆಯಲ್ಲ ಅಂದರೆ ನಮಗೆ ತಿಳಿಸಿ.