ಮಕ್ಕಳನ್ನ ಒಬ್ಬರೇ ಬಿಡೋದು ತಪ್ಪಾ?

ಮೊನ್ನೆ ಪಿರಿಯಾಪಟ್ಟಣದ ಹತ್ತಿರ ನಮ್ಮೂರಿಗೆ ಹೋಗಿದ್ದೆ. ಅಮೆರಿಕಾದಲ್ಲಿರೋ ಚಿಕ್ಕಪ್ಪನ ಮಗನೂ ಸಂಸಾರ ಸಮೇತ ಬಂದಿದ್ದ. ಸಂಜೆ ಅವನ ಎಂಟು ವರ್ಷದ ಮಗಳು ಬೀದಿ ಹುಡುಗರ ಜೊತೆ ಅಂಗಡಿಗೆ ಹೊರಟಳು. ಇವನು ಕಾಫಿ ಲೋಟ ಅಲ್ಲೇ ಇಟ್ಟು ಚಪ್ಪಲಿ ಹುಡುಕತೊಡಗಿದ. "ದೊಡ್ಡೋರು ಯಾರೂ ಜೊತೇಲಿಲ್ವಲ್ಲೋ!"

ಆ ವಯಸ್ಸಲ್ಲಿ ನೀನು ದನ ಹೊಡ್ಕೊಂಡು ಕೆರೆ ಏರಿ ಮೇಲೆ ಹೋಗ್ತಿದ್ದೆ ಅಂತ ನೆನಪಿಸಿದೆ. "ಅಲ್ಲಿ ಹಂಗೆ ಬಿಟ್ರೆ ಪೊಲೀಸರಿಗೆ ಫೋನ್ ಹೋಗುತ್ತೆ ಕಣೋ" ಅಂದ.

ಅವನು ಹೇಳಿದ್ದು ಉತ್ಪ್ರೇಕ್ಷೆ ಏನಲ್ಲ. 2014ರ ಡಿಸೆಂಬರ್‌ನಲ್ಲಿ ಮೇರಿಲ್ಯಾಂಡ್‌ನಲ್ಲಿ ಹತ್ತು ವರ್ಷದ ಅಣ್ಣ, ಆರು ವರ್ಷದ ತಂಗಿ ಪಾರ್ಕಿನಿಂದ ಮನೆಗೆ ನಡೆದು ಬರುತ್ತಿದ್ದಾಗ ಪೊಲೀಸರು ತಡೆದರು. ಅಪ್ಪ ಅಮ್ಮನ ಮೇಲೆ ನಿರ್ಲಕ್ಷ್ಯದ ತನಿಖೆ ನಡೆಯಿತು. ಕೊನೆಗೆ 2018ರಲ್ಲಿ ಯೂಟಾ ರಾಜ್ಯ, ತಕ್ಕ ವಯಸ್ಸಿನ ಮಗು ಒಂಟಿಯಾಗಿ ಶಾಲೆಗೆ ನಡೆದು ಹೋಗೋದು, ಹೊರಗೆ ಆಡೋದು ನಿರ್ಲಕ್ಷ್ಯವಲ್ಲ ಅಂತಲೇ ಕಾನೂನು ಮಾಡಿತು. 2021ರಲ್ಲಿ ಟೆಕ್ಸಾಸ್, ಓಕ್ಲಹೋಮಾ ಕೂಡ ಅದೇ ದಾರಿ ಹಿಡಿದವು. ನಡೆಯೋಕೂ ಒಂದು ಕಾನೂನು!

ನಮ್ಮಲ್ಲಿ? 2015ರ ಬಾಲನ್ಯಾಯ ಕಾಯ್ದೆಯ 75ನೇ ಸೆಕ್ಷನ್ ಇದೆ. ಮಗುವಿನ ಹೊಣೆ ಹೊತ್ತವರು ಉದ್ದೇಶಪೂರ್ವಕವಾಗಿ ನಿರ್ಲಕ್ಷಿಸಿ ಅದಕ್ಕೆ ಅನಗತ್ಯ ನೋವಾಗುವಂತೆ ಮಾಡಿದರೆ ಮೂರು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ದಂಡ, ಅಥವಾ ಎರಡೂ. ಎಷ್ಟು ವರ್ಷಕ್ಕೆ ಒಬ್ಬರೇ ಹೋಗಬಹುದು ಅಂತ ಅದರಲ್ಲಿಲ್ಲ. ಇಲ್ಲದಿರೋದೇ ಒಳ್ಳೇದು ಅನ್ನೋದು ನನ್ನ ಅಭಿಪ್ರಾಯ. ಕೂಲಿಗೆ ಹೋಗೋ ತಾಯಿ ಮಗುವನ್ನು ನಡೆದೇ ಶಾಲೆಗೆ ಕಳಿಸಿದರೆ ಅದು ನಿರ್ಲಕ್ಷ್ಯವಲ್ಲ. ಅವಳಿಗೆ ಬೇರೆ ದಾರಿಯಿಲ್ಲ, ಮಗುವಿಗೂ ಅದರಿಂದ ಧೈರ್ಯ ಬರುತ್ತೆ.

ಹಾಗಂತ "ನಮ್ಮ ಹಳ್ಳೀಲಿ ಮಕ್ಕಳು ಸ್ವತಂತ್ರವಾಗಿ ಬೆಳೀತಾರೆ" ಅಂತ ಎದೆ ತಟ್ಟಿಕೊಳ್ಳೋಕೂ ನನಗೆ ಮನಸ್ಸಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್.ನಗರ, ಎಚ್.ಡಿ.ಕೋಟೆ ಅಂದರೆ ಹೊಗೆಸೊಪ್ಪಿನ ಸೀಮೆ. ಶಾಲೆ ಶುರುವಾಗಿ ಒಂದೆರಡು ತಿಂಗಳಿಗೆ ಸೊಪ್ಪು ಮುರಿಯೋ ಕಾಲ ಬರುತ್ತೆ. ಬ್ಯಾರನ್ ಹತ್ತಿರ ಕೂತು ಕಡ್ಡಿಗೆ ಎಲೆ ಕಟ್ಟೋದಕ್ಕೆ ಚಿಕ್ಕ ಕೈಗಳೂ ಸೇರುತ್ತವೆ. ನಾನೂ ಕಟ್ಟಿದ್ದೇನೆ. ಒದ್ದೆ ಎಲೆಯಿಂದ ನಿಕೋಟಿನ್ ಚರ್ಮದ ಮೂಲಕವೇ ಮೈಗೆ ಇಳಿಯುತ್ತೆ, ತಲೆಸುತ್ತು ವಾಂತಿ ಅದರಿಂದಲೇ ಅಂತ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಆಗ ಅಜ್ಜಿ ದೃಷ್ಟಿ ತೆಗೀತಿದ್ದಳು. ಶಾಲೆ ಮುಗಿದ ಮೇಲೆ ಮನೆಯವರ ಕೆಲಸಕ್ಕೆ ನೆರವಾಗಬಹುದು, ಅದು ಅಪಾಯದ ಕೆಲಸ ಆಗಿರಬಾರದು ಅಂತ 2016ರಲ್ಲಿ ತಿದ್ದುಪಡಿಯಾದ ಬಾಲಕಾರ್ಮಿಕ ಕಾಯ್ದೆ ಹೇಳುತ್ತೆ. ನಮಗೆ ಕಿವಿಗೆ ಬಿದ್ದದ್ದು "ನೆರವಾಗಬಹುದು" ಅನ್ನೋದಷ್ಟೇ.

ಇನ್ನು ಹದಿಮೂರರ ಹುಡುಗನ ಕೈಗೆ ಬೈಕ್ ಕೀ ಕೊಡೋದು... ಅದೂ ಸ್ವಾತಂತ್ರ್ಯವಲ್ಲ. ಅಂಥ ಹುಡುಗ ಅಪಘಾತ ಮಾಡಿದರೆ ಅಪ್ಪನಿಗೆ ಜೈಲು, 25,000 ದಂಡ ಆಗಬಹುದು. 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ಇದು ಬಂದದ್ದು.

ಆದರೆ ಅಪ್ಪ ಅಮ್ಮನಷ್ಟನ್ನೇ ಬೈದು ಸುಮ್ಮನಾಗೋಕೆ ನನಗಾಗಲ್ಲ. ನಾಗರಹೊಳೆ ಅಂಚಿನ ಕೋಟೆಯ ಹಾಡಿಗಳಿಂದ ಮಕ್ಕಳು ಆನೆ ಓಡಾಡೋ ದಾರೀಲಿ ನಡೆದು ಬರೋದು ಯಾರ ನಿರ್ಲಕ್ಷ್ಯ? ಬೇಲಿಯಿಲ್ಲದ ಕೃಷಿ ಹೊಂಡ, ತಡೆಗೋಡೆಯಿಲ್ಲದ ಕಾಲುವೆ? ಪಾಳು ಕೊಳವೆಬಾವಿ ಮುಚ್ಚಿ ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು. 2024ರ ಏಪ್ರಿಲ್‌ನಲ್ಲೂ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಪುಟ್ಟ ಮಗುವೊಂದು ಬಿತ್ತು. ಪುಣ್ಯಕ್ಕೆ ಬದುಕಿ ಬಂತು. ಮಗು ಮನೆಯಿಂದ ಹೊರಗೆ ಬಂದದ್ದು ತಪ್ಪಲ್ಲ, ಗುಂಡಿ ತೆರೆದಿದ್ದದ್ದು ತಪ್ಪು.

ನಮ್ಮ ಪಂಚಾಯಿತಿಗಳಲ್ಲಿ ಮಕ್ಕಳ ಗ್ರಾಮಸಭೆ ಅಂತ ಒಂದಿದೆ. ಹಾಡು, ಭಾಷಣ, ಬಿಸ್ಕತ್ತಿಗೆ ಮುಗಿಸದೆ "ನೀವು ಓಡಾಡೋ ದಾರೀಲಿ ಎಲ್ಲಿ ಭಯ ಆಗುತ್ತೆ?" ಅಂತ ಅಲ್ಲಿ ಮಕ್ಕಳನ್ನೇ ಕೇಳಿ, ಅವರು ಹೇಳಿದ ಜಾಗಗಳನ್ನ ಸರಿ ಮಾಡಿಸಿದರೆ ಸಾಕು. ಆಮೇಲೆ ಧೈರ್ಯವಾಗಿ ಬಿಡೋಣ.

ಅಂದಹಾಗೆ, ಆ ಹುಡುಗಿ ಅಂಗಡಿಗೆ ಹೋಗಿ ಕಡ್ಲೆಮಿಠಾಯಿ ತಂದಳು. ಚಿಲ್ಲರೆಯನ್ನೂ ಸರಿಯಾಗಿ ಎಣಿಸಿ ವಾಪಸ್ ಕೊಟ್ಟಳು. ಅವರಪ್ಪ ಮಾತ್ರ ಅಷ್ಟು ಹೊತ್ತೂ ಗೇಟಲ್ಲೇ ನಿಂತಿದ್ದ.

ನೀವೇನಂತೀರಿ?