ಹಸಿರು ಬಟ್ಟೆ ಹಾಸಿದರೆ ಜೂಜು ಹವ್ಯಾಸವೇ?

ಊರಾಚೆಯ ಹುಣಸೆಮರದ ಕೆಳಗೆ ಗೋಣಿತಾಟು ಹಾಸಿಕೊಂಡು ಐದು ಮಂದಿ ಇಸ್ಪೀಟು ಆಡಿದರೆ ಮರುದಿನ ಪತ್ರಿಕೆಯಲ್ಲಿ ಸುದ್ದಿ: ‘ಜೂಜು ಅಡ್ಡೆ ಮೇಲೆ ದಾಳಿ, ನಗದು ವಶ’. ಅದೇ ಐದು ಮಂದಿ ಅಪಾರ್ಟ್‌ಮೆಂಟಿನ ನಾಲ್ಕನೇ ಮಹಡಿಯಲ್ಲಿ ಹಸಿರು ಬಟ್ಟೆಯ ಮೇಜಿನ ಸುತ್ತ ಕೂತರೆ ಅದರ ಹೆಸರು ‘ಪೋಕರ್ ನೈಟ್’. ಎರಡೂ ಕಡೆ ಇರುವುದು ಅದೇ 52 ಎಲೆ. ಬೇರೆಯಾಗಿರುವುದು ಅಲಂಕಾರ ಮಾತ್ರ.

ಈ ಅಲಂಕಾರದ ಸಾಮಾನು ಈಗ ಪಿ.ಜಿ. ರೂಮುಗಳಿಗೂ ಬಂದಿದೆ. ಹುಟ್ಟುಹಬ್ಬಕ್ಕೆ ಉಡುಗೊರೆಯಾಗಿಯೂ ಕೊಡುತ್ತಾರೆ. ಸುರುಳಿ ಸುತ್ತಿಡಬಹುದಾದ ಹಸಿರು ಹಾಸು, ಎಲೆ ಹಂಚುವ ಸರದಿ ಯಾರದೆಂದು ತೋರಿಸುವ ಬಿಳಿ ಬಿಲ್ಲೆ, ನಮ್ಮ ಎಲೆಗಳು ಬೇರೆಯವರದರ ಜತೆ ಸೇರಿಹೋಗದಂತೆ ಮೇಲಿಡುವ ‘ಕಾರ್ಡ್ ಗಾರ್ಡ್’, ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ 300 ಅಥವಾ 500 ಚಿಪ್ಸ್. ತಿನ್ನುವ ಚಿಪ್ಸ್ ಅಲ್ಲ, ದುಡ್ಡು ತಿನ್ನುವಂಥದ್ದು.

ನನ್ನ ತಕರಾರು ಇರುವುದು ಈ ಚಿಪ್ಸ್ ಮೇಲೆಯೇ. ಸಾಮಾನ್ಯ ಸೆಟ್‌ನ ಒಂದು ಬಿಲ್ಲೆ ಸುಮಾರು 11.5 ಗ್ರಾಂ ತೂಗುತ್ತದೆ. ಪ್ಲಾಸ್ಟಿಕ್ಕಿನ ಹೊಟ್ಟೆಯೊಳಗೆ ಲೋಹದ ತಗಡು ಇಟ್ಟು ಆ ತೂಕ ಬರಿಸುತ್ತಾರೆ. ಕೈಗೆ ಘನವಾಗಿ ಸಿಗಬೇಕು, ಒಂದರ ಮೇಲೊಂದು ಬಿದ್ದಾಗ ಟಣ್ ಎನ್ನಬೇಕು. ಅಮೆರಿಕದ ಕ್ಯಾಸಿನೊಗಳ ರೂಢಿಯಲ್ಲಿ ಕೆಂಪು 5 ಡಾಲರ್, ಹಸಿರು 25, ಕಪ್ಪು 100. ನಮ್ಮ ರೂಮುಗಳಲ್ಲಿ ಅದೇ ಬಣ್ಣಕ್ಕೆ ರೂಪಾಯಿಯ ರೇಟು. ಐನೂರರ ನೋಟನ್ನು ಜೇಬಿನಿಂದ ತೆಗೆದು ಮೇಜಿಗೆ ಎಸೆಯಲು ಯಾರಿಗಾದರೂ ಕೈ ನಡುಗುತ್ತದೆ. ಐದು ಕಪ್ಪು ಬಿಲ್ಲೆ ತಳ್ಳಲು ನಡುಗುವುದಿಲ್ಲ. ಅದು ದುಡ್ಡೆಂದು ನೆನಪಾಗುವುದು ಬೆಳಗಿನ ಜಾವ, ಯುಪಿಐ ಪಿನ್ ಒತ್ತುವಾಗ. ಸ್ಪರ್ಧಾತ್ಮಕ ಪರೀಕ್ಷೆಗೆ ನನ್ನ ಜತೆ ಓದುತ್ತಿದ್ದ ಗೆಳೆಯನೊಬ್ಬ ಹೀಗೆ ಎರಡು ತಿಂಗಳ ಬಾಡಿಗೆ ಕಳೆದುಕೊಂಡ. ಊರಿಗೆ ಫೋನ್ ಮಾಡಿ, ಕೋಚಿಂಗ್‌ನವರು ಇನ್ನೊಂದು ಕಂತು ಕೇಳುತ್ತಿದ್ದಾರೆ ಎಂದ. ಅಪ್ಪ ಕಳಿಸಿದರು. ಅವರೂರಲ್ಲಿ ಯುಗಾದಿಯ ವರ್ಷತೊಡಕಿನಂದು ಎಲೆ ಮುಟ್ಟಿದ್ದಕ್ಕೇ ಇವನಿಗೆ ಬೈದಿದ್ದ ಅಪ್ಪ.

2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆಮೇಲೆ ‘ಇದು ಆನ್‌ಲೈನ್ ಅಲ್ಲವಲ್ಲ, ಮನೆಯಲ್ಲಿ ಆಡೋದು’ ಎಂಬ ಸಮಾಧಾನ ಶುರುವಾಯಿತು. ಪೋಕರ್ ಕೌಶಲದ ಆಟವೋ ಅದೃಷ್ಟದ್ದೋ ಎಂದು ಕೋರ್ಟುಗಳಲ್ಲಿ ವರ್ಷಗಟ್ಟಲೆ ವಾದ ನಡೆದಿದೆ, ಅದು ವಕೀಲರಿಗೇ ಇರಲಿ. ಆದರೆ ಆಡಿಸುವವನು ‘ಮೇಜಿನ ಖರ್ಚು’ ಎಂದು ಪ್ರತಿ ಆಟದಲ್ಲೂ ಪಾಲು ಹಿಡಿಯುತ್ತಿದ್ದರೆ ಎಚ್ಚರ ಬೇಕು. ಜೂಜಿನ ಸಾಧನ ಇಟ್ಟು ಲಾಭ ಮಾಡುವ ಮನೆಯನ್ನು ಕರ್ನಾಟಕ ಪೊಲೀಸ್ ಕಾಯ್ದೆ 1963 ಜೂಜಿನ ಮನೆ ಎಂದೇ ಕರೆಯುತ್ತದೆ. ಸರ್ಕಾರಿ ಕೆಲಸಕ್ಕೆ ಓದುತ್ತಿರುವವರು ಪೊಲೀಸ್ ವೆರಿಫಿಕೇಷನ್ ಅನ್ನು ಒಮ್ಮೆ ನೆನೆಸಿಕೊಳ್ಳಲಿ.

ಆಟದ ಸಾಮಾನು ಚೆಂದವಿರಬಾರದು ಎನ್ನುವವನಲ್ಲ ನಾನು. ಮೈಸೂರಿನ ಗಂಜೀಫಾ ನೋಡಿ: ಕೈಯಲ್ಲಿ ಚಿತ್ರ ಬರೆದ ದುಂಡನೆಯ ಎಲೆಗಳು. ದಶಾವತಾರದ ಕಟ್ಟಿನಲ್ಲಿ ಅವತಾರಕ್ಕೆ 12ರಂತೆ 120 ಎಲೆ. ಮುಮ್ಮಡಿ ಕೃಷ್ಣರಾಜ ಒಡೆಯರ್ ಇನ್ನೂ ದೊಡ್ಡ ಕಟ್ಟುಗಳ ಆಟಗಳನ್ನೇ ರೂಪಿಸಿದ್ದರು. ಅಂಥ ಎಲೆ ಕೈಯಲ್ಲಿದ್ದರೆ ನೋಡುವುದೇ ಅರ್ಧ ಆಟ. ಪೋಕರ್ ಮೇಜೂ ಹಾಗೆ ಚೆಂದವಿರಲಿ, ಹಸಿರು ಹಾಸೂ ಇರಲಿ, ಟಣ್ ಎನ್ನುವ ಬಿಲ್ಲೆಯೂ ಇರಲಿ. ಬಣ್ಣಕ್ಕೆ ಕಟ್ಟಿದ ರೂಪಾಯಿ ರೇಟನ್ನು ಮಾತ್ರ ಬಿಚ್ಚಿಹಾಕಿ. ಎಲ್ಲರಿಗೂ ಸಮನಾಗಿ ಐವತ್ತೈವತ್ತು ಹಂಚಿ, ಮೊದಲು ಖಾಲಿಯಾದವನು ಎಲ್ಲರಿಗೂ ಟೀ ಮಾಡಲಿ, ಗೆದ್ದವನಿಗೆ ಭಾನುವಾರದ ಪಾತ್ರೆ ತೊಳೆಯುವ ಪಾಳಿ ಮಾಫಿ.